ಭಾವನ ನೈಟ್ರೋ ಟ್ರಕ್ಕು

ಜೂನ್ 9

ಪ್ರೀತಿಯ ಮೊದ್ದು,

ಹೇಗಿದ್ದೀಯ? ಸುರಂಗ ಕೊರೆಯುವ ಕ್ಯಾಂಪಿನಲ್ಲಿ ಜನರೇಟರ್‌ಗಳ ಮಧ್ಯೆ ಕೂತವನಿಗೆ ಅಕ್ಕನ ನೆನಪು ಎಲ್ಲಿಂದ ಬರಬೇಕು! ಫೋನ್ ಮಾಡಿದರೆ ಎರಡು ಮಾತಾಡಿ, "ಸರಿಯಾಗಿ ಕೇಳ್ತಿಲ್ಲ ಅಕ್ಕಾ" ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ನೆಪ ನಡೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉತ್ತರವನ್ನು ಮನೆಗೆ ಕಳಿಸಬೇಡ. ನಾನು ಕೆಲಸ ಮಾಡುವ ಗ್ರಂಥಾಲಯದ ವಿಳಾಸ ಹಾಕಿ, 'ಬೈಂಡಿಂಗ್ ವಿಭಾಗ' ಎಂದು ಬರೆ. ನಿನ್ನ ಭಾವನಿಗೆ ಸುಳಿವು ಸಿಗಬಾರದು.

ವಿಷಯ ಇಷ್ಟು. ನಿನ್ನ ಭಾವನ ನೈಟ್ರೋ ಟ್ರಕ್ಕನ್ನು ನಾನು ಮತ್ತೆ ಓಡಿಸಬೇಕು. ರಿಮೋಟ್‌ನಲ್ಲಿ ಓಡುವ ಆಟದ ಗಾಡಿ ಎಂದರೆ ನಿಮ್ಮಿಬ್ಬರಿಗೂ ಮೂಗಿನ ತುದಿಗೆ ಕೋಪ ಬರುತ್ತಿತ್ತು. "ಬ್ಯಾಟರಿ ಗಾಡಿ ಅಲ್ಲ ಕಣೇ, ನಿಜವಾದ ಎಂಜಿನ್" ಎನ್ನುತ್ತಿದ್ದರು ಅವರು. ನಿಜವಾದ ಎಂಜಿನ್ ಎಂಬುದು ನನ್ನ ಕಾಲಿಗೆ ಚೆನ್ನಾಗಿ ಗೊತ್ತಾಯಿತು ಬಿಡು. ಅದು ಬಂದು ನನಗೆ ಗುದ್ದಿ ಮುಂದಿನ ತಿಂಗಳಿಗೆ ಮೂರು ವರ್ಷ. ಕಾಲೊಳಗೆ ಸರಳು ಹಾಕಿದ್ದಾರೆ, ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ.

ಮುರಿದದ್ದು ನನ್ನ ಕಾಲು, ಕೂತುಬಿಟ್ಟವರು ಅವರು. ಅವತ್ತಿನಿಂದ ಸ್ಕ್ರೂಡ್ರೈವರ್ ಮುಟ್ಟಿಲ್ಲ. ಮೋಟಾರ್ ರಿಪೇರಿ ಅಂಗಡಿಯ ಶಟರ್ ಎಳೆದವರು ಮತ್ತೆ ಎತ್ತಿಲ್ಲ. ಈಗ ವಾಹನ ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿದು ಕೊಡುತ್ತಾರೆ. ಮನೆಯ ಫ್ಯಾನ್ ನಿಂತರೂ ಬೇರೆ ಯಾರನ್ನೋ ಕರೆಸುತ್ತಾರೆ. ಯಾಕೆ ಎಂದರೆ, "ನನ್ನ ಕೈ ಒಳ್ಳೇದಲ್ಲ ಬಿಡು" ಅನ್ನುತ್ತಾರೆ. ಕಾರ್ಬುರೇಟರ್‌ನ ಬಾಯಿ ಮುಚ್ಚಿಸುವ ಸ್ಪ್ರಿಂಗ್ ಸಡಿಲವಾಗಿತ್ತು, ಬಿಗಿ ಮಾಡದೆ ಗಾಡಿ ಬಿಟ್ಟೆ, ಅದಕ್ಕೇ ಕೈಮೀರಿ ಓಡಿತು: ಮೂರು ವರ್ಷದಿಂದ ಇದೇ ಜಪ.

ಅಂಗಡಿಯ ಮಾಲೀಕರು ಇಷ್ಟು ದಿನ ತಾಳಿಕೊಂಡರು. ಈಗ ಸೆಪ್ಟೆಂಬರ್ ಮೂವತ್ತರೊಳಗೆ ತೆರೆಯಿರಿ, ಇಲ್ಲವೇ ಕೀಲಿ ಕೊಡಿ ಎಂದಿದ್ದಾರೆ. ಇವರು "ಕೀಲಿ ಕೊಡ್ತೀನಿ" ಎಂದು ಹೇಳಿ ಬಂದಿದ್ದಾರೆ. ಕೊಟ್ಟರೆ ಆ ಮನುಷ್ಯ ಮತ್ತೆ ಏಳುವುದಿಲ್ಲ ಎಂದು ನನಗೆ ಭಯ.

ನನಗೆ ತೋಚಿದ್ದು ಒಂದೇ. ಆ ಟ್ರಕ್ಕು ಅವರ ಕಣ್ಣೆದುರು ಒಂದು ಸಲ ಸರಿಯಾಗಿ ಓಡಬೇಕು, ಸರಿಯಾಗಿ ನಿಲ್ಲಬೇಕು. ಅದನ್ನೂ ಅದರ ಒಡೆದ ರಿಮೋಟನ್ನೂ ಮಂಚದ ಕೆಳಗಿನಿಂದ ಎತ್ತಿ, ಚೀಲದಲ್ಲಿ ಹಾಕಿ ಗ್ರಂಥಾಲಯಕ್ಕೆ ತಂದಿಟ್ಟುಕೊಂಡಿದ್ದೇನೆ. ಸ್ಟಾರ್ಟ್ ಮಾಡುವ ದಾರ ಎಳೆದೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ. ನೀನು ಅವರ ಶಿಷ್ಯ ಅಲ್ಲವೇ, ಕಾಗದದಲ್ಲೇ ಕಲಿಸು.

ನಿನ್ನ ಅಕ್ಕ


ಜೂನ್ 24

ಅಕ್ಕಾ,

ಟಪಾಲಿನ ಜೀಪು ಇಲ್ಲಿಗೆ ವಾರಕ್ಕೊಮ್ಮೆ ಬರುತ್ತದೆ. ನಿನ್ನ ಪತ್ರವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬೇಡ, ಬಿಟ್ಟುಬಿಡು ಎಂದು ಬರೆಯೋಣ ಅಂದುಕೊಂಡೆ. ಆಮೇಲೆ ಭಾವ ಚೀಟಿ ಹರಿದು ಕೊಡುತ್ತಿರುವುದು ಕಣ್ಣಿಗೆ ಕಟ್ಟಿತು. ನನಗೆ ಅದು ಗೊತ್ತೇ ಇರಲಿಲ್ಲ.

ದಾರ ಎಳೆಯಬೇಡ, ಕಿತ್ತು ಬರುತ್ತದೆ. ನೈಟ್ರೋ ಇಂಧನದಲ್ಲಿ ಹರಳೆಣ್ಣೆ ಬೆರೆತಿರುತ್ತದೆ. ಮೂರು ವರ್ಷದಲ್ಲಿ ಅದು ಅಂಟಾಗಿ ಪಿಸ್ಟನ್ನನ್ನು ಹಿಡಿದುಕೊಂಡಿದೆ. ಕೂದಲು ಒಣಗಿಸುವ ಯಂತ್ರದಿಂದ ಎಂಜಿನ್ನಿಗೆ ಹತ್ತು ನಿಮಿಷ ಬಿಸಿ ಗಾಳಿ ಕೊಡು. ನೆತ್ತಿಯ ಮೇಲೆ ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಇದೆ, ಅದನ್ನು ಬಿಚ್ಚಿ ಆ ತೂತಿಗೆ ನಾಲ್ಕು ಹನಿ ತೆಳು ಎಣ್ಣೆ ಬಿಡು. ಆಮೇಲೆ ಎಂಜಿನ್ನಿಗೇ ಅಂಟಿಕೊಂಡಿರುವ ಕೆಳಗಿನ ದಪ್ಪ ಗಾಲಿಯನ್ನು ಕೈಯಲ್ಲಿ ಹಿಂದೆ ಮುಂದೆ ಮಾಡು. ಅವಸರ ಬೇಡ. ಹಳೆಯ ಇಂಧನ ಚೆಲ್ಲು, ಅದು ಗಾಳಿಯ ತೇವ ಕುಡಿದು ಕೆಟ್ಟಿರುತ್ತದೆ. ರಬ್ಬರ್ ಕೊಳವೆ, ಗಾಳಿ ಸೋಸುವ ಸ್ಪಂಜು, ಪ್ಲಗ್, ಮೂರನ್ನೂ ಹೊಸದು ಹಾಕು. ನೈಟ್ರೋ ಗಾಡಿ ಹತ್ತರಲ್ಲಿ ಎಂಟು ಸಲ ಕೈಕೊಡುವುದು ಈ ಮೂರರಿಂದಲೇ.

ಆಮೇಲೆ ಗಾಳಿ ಸೋರುತ್ತಿದೆಯೇ ನೋಡು. ಕಾರ್ಬುರೇಟರ್ ಬುಡದಲ್ಲಿ ಅಥವಾ ಎಂಜಿನ್ನಿನ ಹಿಂಬದಿಯ ಮುಚ್ಚಳದಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ನೀನು ಎಷ್ಟು ಟ್ಯೂನ್ ಮಾಡಿದರೂ ವ್ಯರ್ಥ. ಇವತ್ತು ಸರಿಯಾದದ್ದು ನಾಳೆ ಕೆಡುತ್ತದೆ.

ಗಾಡಿಯ ತಳದ ಚೌಕಟ್ಟಿನ ಮೇಲೆ ಒಂದು ಕಪ್ಪು ಡಬ್ಬಿ ಇದೆ, ರಿಮೋಟ್ ಹೇಳಿದ್ದನ್ನು ಕೇಳಿಸಿಕೊಳ್ಳುವ ರಿಸೀವರ್ ಇರುವುದು ಅದರಲ್ಲಿ. ಅದರ ಗೊಡವೆಗೆ ಹೋಗಬೇಡ. ಸೂಕ್ಷ್ಮದ ಸಾಮಾನು. ನಾನು ಬಂದಾಗ ನೋಡುತ್ತೇನೆ.

ನಿನ್ನ ಮೊದ್ದು


ಜುಲೈ 8

ಮೊದ್ದು,

ಅಲುಗಿತು! ಮೂರು ದಿನ ಊಟದ ಬಿಡುವಿನಲ್ಲೆಲ್ಲ ಬಿಸಿ ಮಾಡಿದೆ, ಎಣ್ಣೆ ಬಿಟ್ಟೆ, ಬೈದೆ. ನಾಲ್ಕನೆಯ ದಿನ ಗಾಲಿ 'ಕಟಕ್' ಎಂದು ತಿರುಗಿದಾಗ ನಾನು ಕೂಗಿದ್ದಕ್ಕೆ ಓದುವ ಕೋಣೆಯಿಂದ ಇಬ್ಬರು ಎದ್ದು ಬಂದರು. ಗ್ರಂಥಪಾಲಕರಿಗೆ ಈಗ ವಿಷಯ ಗೊತ್ತು. ಹಿಂದಿನ ಶೆಡ್ಡು ಕೊಟ್ಟಿದ್ದಾರೆ, ಪುಸ್ತಕಗಳ ಹತ್ತಿರ ಮಾತ್ರ ಇಂಧನ ತರಬಾರದು ಎಂದು ತಾಕೀತು.

ಸೋರಿಕೆ ಸಿಕ್ಕಿತು. ಇಂಧನದ ಕೊಳವೆಗೆ ಬಾಯಿಟ್ಟು ಊದಿ, ಎಂಜಿನ್ನಿಗೆ ಸಾಬೂನು ನೀರು ಬಳಿದೆ. ಹಿಂದಿನ ಮುಚ್ಚಳದ ಅಂಚಿನಲ್ಲಿ ಗುಳ್ಳೆ ಎದ್ದಿತು. ಸಂದಿ ಮುಚ್ಚುವ ಗ್ಯಾಸ್ಕೆಟ್ ಹರಿದಿತ್ತು. ಅಂಗಡಿಯಲ್ಲಿ ಅದು ಸಿಗಲಿಲ್ಲ, ಸಿಗದಿದ್ದರೆ ಏನಂತೆ? ಇಪ್ಪತ್ತೆರಡು ವರ್ಷದಿಂದ ಕಾಗದ ಕತ್ತರಿಸುತ್ತಿದ್ದೇನೆ. ತೆಳು ಗಟ್ಟಿ ರಟ್ಟು ತೆಗೆದುಕೊಂಡು, ಹಳೆಯದರ ಅಳತೆಗೆ ಕೊರೆದು, ಎಣ್ಣೆಯಲ್ಲಿ ನೆನೆಸಿ ಕೂರಿಸಿದೆ. ಈಗ ಒಂದು ಗುಳ್ಳೆಯೂ ಇಲ್ಲ. ನಿನಗೇ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಮನೆಯಲ್ಲಿ ಬಚಾವಾದೆ. "ಕೈಯಿಂದ ಅದೇನು ವಾಸನೆ?" ಎಂದು ಕೇಳಿದರು. ಹೊಸ ಅಂಟು ಎಂದೆ. ನನ್ನ ಬೆರಳು ಹಿಡಿದು ಇನ್ನೊಮ್ಮೆ ಮೂಸಿ ನೋಡಿ ಬಿಟ್ಟರು.

ಆ ಕಪ್ಪು ಡಬ್ಬಿಗೆ ಅಷ್ಟೊಂದು ಯಾಕೆ ಹೆದರಿಸುತ್ತೀಯೋ? ನನಗೆ ಎಲ್ಲಿ ಪೆಟ್ಟಾಗುತ್ತದೋ ಎಂದು ನಿನಗೆ ಚಿಂತೆ. ಇರಲಿ, ಮುಟ್ಟುವುದಿಲ್ಲ. ಮುಂದಿನ ಪಾಠ ಬರಲಿ.

ಅಕ್ಕ


ಜುಲೈ 19

ಅಕ್ಕಾ,

ರಟ್ಟಿನ ಗ್ಯಾಸ್ಕೆಟ್ ಸುದ್ದಿ ಓದಿ ನಕ್ಕೆ. ಭಾವನಿಗೂ ಹೀಗೇ ಇರುವುದರಲ್ಲಿ ಮಾಡಿಕೊಳ್ಳುವ ಬುದ್ಧಿ.

ಈಗ ಟ್ಯೂನಿಂಗ್. ಕಾರ್ಬುರೇಟರ್‌ನಲ್ಲಿ ಎರಡು ಸೂಜಿ ಇವೆ. ದೊಡ್ಡದು ಜೋರು ಓಟಕ್ಕೆ, ಚಿಕ್ಕದು ನಿಂತಲ್ಲೇ ಗುರುಗುಡುವುದಕ್ಕೆ. ಮೊದಲು ದೊಡ್ಡ ಸೂಜಿ. ಪೂರ್ತಿ ಮುಚ್ಚಿ, ಅಲ್ಲಿಂದ ಮೂರೂವರೆ ಸುತ್ತು ಬಿಚ್ಚು. ಇಂಧನ ಜಾಸ್ತಿ ಹೋಗುತ್ತದೆ, ಹೊಗೆ ದಟ್ಟವಾಗಿರುತ್ತದೆ, ಎಂಜಿನ್ ಎಳೆಯುವುದಿಲ್ಲ. ಹಾಗೇ ಇರಬೇಕು. ಅಲ್ಲಿಂದ ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟು ಮಾತ್ರ ಮುಚ್ಚುತ್ತಾ ಬಾ. ಪ್ರತಿ ಸಲ ಓಡಿಸಿ ನೋಡು. ತೆಳು ನೀಲಿ ಹೊಗೆ ಎಂದಿಗೂ ನಿಲ್ಲಬಾರದು. ಹೊಗೆ ನಿಂತರೆ ಎಣ್ಣೆ ಸಾಲುತ್ತಿಲ್ಲ ಎಂದರ್ಥ, ಎಂಜಿನ್ ಸುಟ್ಟುಹೋಗುತ್ತದೆ. ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಹಾಕು. ಮೂರು ನಾಲ್ಕು ಸೆಕೆಂಡಿನಲ್ಲಿ ಚುರುಗುಟ್ಟಿ ಆರಿದರೆ ಸರಿ, ಬಿದ್ದ ಕ್ಷಣವೇ ಸಿಡಿದರೆ ಬಿಸಿ ಹೆಚ್ಚಾಗಿದೆ.

ಚಿಕ್ಕ ಸೂಜಿಗೆ ಭಾವ ಕಲಿಸಿದ ಪರೀಕ್ಷೆ ಇದೆ. ಗುರುಗುಡುತ್ತಿರುವಾಗ ಇಂಧನದ ಕೊಳವೆಯನ್ನು ಚಿವುಟಿ ಹಿಡಿ. ಎಂಜಿನ್ ಸ್ವಲ್ಪ ದನಿ ಏರಿಸಿ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ತಕ್ಷಣ ಆರಿದರೆ ಸ್ವಲ್ಪ ಬಿಚ್ಚು, ಎಳೆದಾಡಿದರೆ ಸ್ವಲ್ಪ ಮುಚ್ಚು. ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿ ಪ್ಲಗ್ ತೂತಿಗೆ ಎಣ್ಣೆ ಬಿಡುವುದನ್ನು ಮರೆಯಬೇಡ.

ಇನ್ನೊಂದು ಮಾತು. ಹಳೆಯ ರಿಮೋಟ್ ಅವತ್ತೇ ಒಡೆದುಹೋಗಿದೆ. ಹೊಸ ರಿಮೋಟ್, ಹೊಸ ರಿಸೀವರ್ ಎರಡನ್ನೂ ಪಾರ್ಸೆಲ್ ಮಾಡುತ್ತೇನೆ. ಅದು ಬಂದ ಮೇಲೆ ಹಳೆಯ ಎರಡನ್ನೂ ಬಿಸಾಡಿಬಿಡು. ಇಟ್ಟುಕೊಂಡರೆ ಭಾವನಿಗೆ ಸುಮ್ಮನೆ ಹಳೆಯದೆಲ್ಲ ನೆನಪಾಗುತ್ತದೆ.

ಮೊದ್ದು


ಆಗಸ್ಟ್ 4

ಮೊದ್ದೂ ಮೊದ್ದೂ,

ಗುರುಗುಡುತ್ತಿದೆ ಕಣೋ! ಶೆಡ್ಡಿನಲ್ಲಿ ಎರಡು ಇಟ್ಟಿಗೆಯ ಮೇಲೆ ಗಾಡಿ ಇಟ್ಟು, ಗಾಲಿಗಳು ನೆಲಕ್ಕೆ ತಾಗದಂತೆ ಮಾಡಿಕೊಂಡೆ. ಹನ್ನೊಂದು ಸಲ ದಾರ ಎಳೆದ ಮೇಲೆ ಕೆಮ್ಮಿತು, ಹನ್ನೆರಡನೆಯ ಸಲ ಹಿಡಿಯಿತು. ಚಿವುಟಿದರೆ ಎರಡೇ ಸೆಕೆಂಡು, ಆಮೇಲೆ ಗಪ್‌ಚಿಪ್. ನೀರಿನ ಹನಿ ಎಣಿಸಿ ಮೂರು. ಶಬ್ದ ಕೇಳಿದಾಗ ಮೊದಲ ದಿನ ಹೊರಗೆ ಓಡಿದೆ, ಸುಳ್ಳು ಹೇಳುವುದಿಲ್ಲ. ಗೋಡೆಗೆ ಒರಗಿ ನಿಂತಿದ್ದು ವಾಪಸ್ ಬಂದೆ. ಈಗ ಓಡುವುದಿಲ್ಲ.

ನಿನ್ನ ಪಾರ್ಸೆಲ್ ಇನ್ನೂ ಬಂದಿಲ್ಲ. ನನಗೆಲ್ಲಿ ತಾಳ್ಮೆ? ಒಡೆದ ರಿಮೋಟ್‌ಗೆ ಬೈಂಡಿಂಗ್ ಬಟ್ಟೆ ಅಂಟಿಸಿ, ಹೊಸ ಬ್ಯಾಟರಿ ಹಾಕಿದೆ. ಜೀವ ಬಂತು! ಎಂಜಿನ್ ಆರಿಸಿ, ಡಬ್ಬಿ ಬಿಚ್ಚದೆ, ರಿಸೀವರ್ ನಡೆಸುವ ಚಿಕ್ಕ ಬ್ಯಾಟರಿ ಮಾತ್ರ ಹಾಕಿ ನೋಡಿದೆ. ಟ್ರಿಗರ್ ಎಳೆದರೆ ಕಾರ್ಬುರೇಟರ್ ಬಾಯಿ ತೆರೆಯುತ್ತದೆ, ಮುಂದೆ ತಳ್ಳಿದರೆ ಬಾಯಿ ಮುಚ್ಚಿ ಬ್ರೇಕ್ ಹಿಡಿಯುತ್ತದೆ. ಎಲ್ಲ ಸರಿ. ಆದರೆ ಒಂದು ವಿಚಿತ್ರ. ರಿಮೋಟ್ ಆರಿಸಿದ ತಕ್ಷಣ ಕಾರ್ಬುರೇಟರ್ ತಾನಾಗಿಯೇ ಪೂರ್ತಿ ಬಾಯಿ ತೆರೆದು ನಿಲ್ಲುತ್ತದೆ. ಮತ್ತೆ ಹಾಕಿದರೆ ಮುಚ್ಚಿಕೊಳ್ಳುತ್ತದೆ. ಅದು ಹಾಗೇ ಇರಬೇಕೇನೋ? ನನಗಂತೂ ತಲೆಬುಡ ತಿಳಿಯಲಿಲ್ಲ, ಬೇಗ ಬರೆ.

ಕೀಲಿ ಕೊಡುವ ದಿನಕ್ಕೆ ಎರಡು ತಿಂಗಳೂ ಉಳಿದಿಲ್ಲ. ಅವರು ಮೊನ್ನೆ ಅಂಗಡಿಗೆ ಹೋಗಿ ಹಳೆಯ ತಂತಿಯ ಸುರುಳಿಗಳನ್ನು ಗುಜರಿಗೆ ಹಾಕಿ ಬಂದರು.

ಅಕ್ಕ


ಆಗಸ್ಟ್ 27

ತಮ್ಮಾ,

ಟಪಾಲಿನ ಜೀಪು ಮೂರು ಸಲ ಬಂದು ಹೋಗಿರಬೇಕು. ನಿನ್ನಿಂದ ಒಂದು ಸಾಲೂ ಇಲ್ಲ. ಹುಷಾರಿಲ್ಲವೇನೋ ಎಂದು ಕ್ಯಾಂಪಿನ ಕಚೇರಿಗೆ ಫೋನ್ ಮಾಡಿದೆ. "ಚೆನ್ನಾಗಿದ್ದಾರೆ, ಕೆಲಸದಲ್ಲಿದ್ದಾರೆ" ಎಂದರು. ನಿನ್ನ ಪಾರ್ಸೆಲ್ ಬಂತು. ಒಳಗೆ ರಿಮೋಟ್ ಇತ್ತು, ರಿಸೀವರ್ ಇತ್ತು, ಕಾಗದ ಇರಲಿಲ್ಲ.

ಹಳೆಯದನ್ನು ಬಿಸಾಡಿಲ್ಲ. ಇನ್ನೂ ಹತ್ತು ಸಲ ಆರಿಸಿ ನೋಡಿದೆ. ಹತ್ತು ಸಲವೂ ಬಾಯಿ ತೆರೆಯಿತು.

ನಿನ್ನೆ ಊಟಕ್ಕೆ ಕೂತಾಗ ಸುಮ್ಮನೆ ಎಂಬಂತೆ ನಿನ್ನ ಭಾವನನ್ನು ಕೇಳಿದೆ, ಓಡುವಾಗ ರಿಮೋಟ್ ಸತ್ತುಹೋದರೆ ಗಾಡಿ ಏನು ಮಾಡುತ್ತದೆ ಎಂದು. ಮೂರು ವರ್ಷದಲ್ಲಿ ಮೊದಲ ಸಲ ಗಾಡಿಯ ಬಗ್ಗೆ ಬಾಯಿ ಬಿಟ್ಟರು. "ನಿಲ್ಲಬೇಕು. ತಾನೇ ಬ್ರೇಕ್ ಹಾಕ್ಕೊಂಡು ಅಲ್ಲೇ ನಿಲ್ಲಬೇಕು. ಅದಕ್ಕೆ ಫೇಲ್‌ಸೇಫ್ ಅಂತಾರೆ. ಗಾಡಿ ಬಿಡೋ ಮುಂಚೆ ರಿಮೋಟ್ ಆರಿಸಿ ಅದನ್ನ ನೋಡ್ಲೇಬೇಕು. ರಿಮೋಟ್ ಹಿಡಿದವನೇ ನೋಡ್ಬೇಕು, ಅದು ನನ್ನ ಕಟ್ಟುನಿಟ್ಟು."

"ಅವತ್ತು ನೋಡಿದ್ರಾ?" ಎಂದೆ.

"ಅವತ್ತು ನಿನ್ನ ತಮ್ಮ ನೋಡಿದ್ದ. ಅವನು ನೋಡಿದ್ರೆ ನಾನು ನೋಡಿದ ಹಾಗೇ ಅಲ್ವಾ" ಎಂದು ತಟ್ಟೆ ಎತ್ತಿಕೊಂಡು ಹೋದರು.

ನಾನು ಏನನ್ನೂ ಹೇಳುತ್ತಿಲ್ಲ. ನಾನು ಕಂಡದ್ದನ್ನೂ ಅವರು ಅಂದದ್ದನ್ನೂ ಒಂದೇ ಹಾಳೆಯಲ್ಲಿ ಬರೆದಿದ್ದೇನೆ. ಇನ್ನು ನೀನು ಹೇಳು.

ಅಕ್ಕ


ಸೆಪ್ಟೆಂಬರ್ 7

ಅಕ್ಕಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜೂನ್‌ನಲ್ಲಿ ನಿನ್ನ ಮೊದಲ ಪತ್ರ ಬಂದಾಗಿನಿಂದ ನಾನು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ. ಡಬ್ಬಿ ಮುಟ್ಟಬೇಡ ಎಂದದ್ದು, ಹಳೆಯದನ್ನು ಬಿಸಾಡು ಎಂದದ್ದು ನಿನ್ನ ಮೇಲಿನ ಕಾಳಜಿಯಿಂದಲ್ಲ.

ನಿನ್ನ ಕಾಲು ಮುರಿದ ಹಿಂದಿನ ದಿನ ಸಂಜೆ ರಿಸೀವರ್ ಬದಲಿಸಿದ್ದು ನಾನು. ಹಳೆಯದಕ್ಕೆ ಇಂಧನ ಸೋರಿ ಕೆಟ್ಟಿತ್ತು. ಹೊಸ ರಿಸೀವರನ್ನು ರಿಮೋಟ್‌ಗೆ ಜೋಡಿಸುವಾಗ ಟ್ರಿಗರ್ ಯಾವ ಸ್ಥಿತಿಯಲ್ಲಿರುತ್ತದೋ ಅದನ್ನೇ ಅದು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಸಂಪರ್ಕ ತಪ್ಪಿದಾಗ ಆ ಸ್ಥಿತಿಗೇ ಹೋಗುತ್ತದೆ. ಟ್ರಿಗರ್ ಬ್ರೇಕಿನ ಕಡೆಗೆ ಇರಬೇಕಿತ್ತು. ನಾನು ಒಂದು ಕೈಯಲ್ಲಿ ರಿಸೀವರ್‌ನ ಗುಂಡಿ ಒತ್ತಿ, ಇನ್ನೊಂದು ಕೈಯಲ್ಲಿ ರಿಮೋಟ್ ಎತ್ತಿ ಹಿಡಿದಿದ್ದೆ. ಹಿಡಿದ ಬೆರಳು ಟ್ರಿಗರನ್ನು ಪೂರ್ತಿ ಎಳೆದಿತ್ತು. ಆರಿಸಿ ನೋಡಿದ್ದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ನೋಡಲಿಲ್ಲ. ಮರುದಿನ ಮೈದಾನದಲ್ಲಿ ಭಾವ ಕೇಳಿದರು, "ನೋಡಿದ್ಯೇನೋ?" ನಾನು "ಹ್ಞೂಂ ಭಾವ" ಎಂದೆ. ನೀನು ಮೊದಲ ಸಲ ನೋಡಲು ಬಂದಿದ್ದೆ, ತಡ ಮಾಡಿದರೆ ಎದ್ದು ಹೋಗುತ್ತೀಯ ಎಂದು ಅವಸರ.

ಭಾವ ಓಡಿಸುತ್ತಿರುವಾಗಲೇ ರಿಮೋಟಿನ ಬ್ಯಾಟರಿ ಸತ್ತಿತು. ಭಾವ ಅದನ್ನು ಎಸೆದು ಗಾಡಿಯ ಹಿಂದೆ ಓಡಿದರು, ಅದಕ್ಕೇ ಅದು ಒಡೆದದ್ದು. ಅವರು ನಿನ್ನನ್ನು ಎತ್ತಿಕೊಂಡಾಗ ನಾನು ಗಾಡಿಯ ಹತ್ತಿರ ಹೋದೆ. ಮಗುಚಿ ಬಿದ್ದು ಕಿರುಚುತ್ತಿತ್ತು. ಕೊಳವೆ ಚಿವುಟಿ ಆರಿಸಿದೆ. ಕಾರ್ಬುರೇಟರ್ ಬಾಯಿ ಪೂರ್ತಿ ತೆರೆದಿತ್ತು. ಆ ಕ್ಷಣವೇ ನನಗೆ ಗೊತ್ತಾಯಿತು ಅಕ್ಕಾ. ಆಸ್ಪತ್ರೆಯಲ್ಲಿ ಹೇಳಬೇಕೆಂದೇ ಬಂದೆ. ಅಷ್ಟರಲ್ಲಿ ಭಾವ ಎಲ್ಲರೆದುರು, "ಸ್ಪ್ರಿಂಗ್ ಬಿಗಿ ಮಾಡದೆ ಬಿಟ್ಟೆ, ನನ್ನದೇ ತಪ್ಪು" ಎಂದು ಅಳುತ್ತಿದ್ದರು. ನಾಳೆ ಹೇಳೋಣ ಎಂದುಕೊಂಡೆ. ಒಂದು ತಿಂಗಳು ಹಾಗೇ ಕಳೆಯಿತು. ಆಮೇಲೆ ಈ ಕೆಲಸ ಸಿಕ್ಕಿತು, ದೂರ ಬಂದುಬಿಟ್ಟೆ.

ನನಗೆ ನಾಚಿಕೆಯಾಗುತ್ತಿದೆ. ಬೇರೆ ಏನು ಬರೆಯಲಿ.

ತಮ್ಮ


ಸೆಪ್ಟೆಂಬರ್ 15

ತಮ್ಮನಿಗೆ,

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಎಮ್ಮೆ ಮೂರು ವರ್ಷ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿತು.

ಕಾಲು ನನ್ನದು, ಅದರ ಮಟ್ಟಿಗೆ ನಿನ್ನನ್ನು ಬಿಟ್ಟೆ. ಬೆರಳು ಯಾರದ್ದಾದರೂ ಜಾರುತ್ತದೆ. ಆದರೆ ಆ ಮನುಷ್ಯ ತನ್ನ ಕೈಯನ್ನೇ ನೋಡಿಕೊಂಡು ಕೂತ ಮೂರು ವರ್ಷಕ್ಕೆ ಕ್ಷಮೆ ಕೊಡಲು ನಾನ್ಯಾರು? ಸಿಟ್ಟಿಗೆ ಮೂರು ಸಲ ಕಾಗದ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ನಿನ್ನ ಪತ್ರವನ್ನು ಅವರಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ನೀನೇ ಅವರ ಹೆಸರಿಗೆ, ಮನೆಯ ವಿಳಾಸಕ್ಕೆ ಬರೆ. ಮೂವತ್ತನೇ ತಾರೀಕಿನೊಳಗೆ ಅದು ಅವರ ಕೈ ಸೇರಬೇಕು.

ಅಕ್ಕ


ಸೆಪ್ಟೆಂಬರ್ 21

ಅಕ್ಕಾ,

ಭಾವನಿಗೆ ಬರೆದ ಪತ್ರವನ್ನೂ ಇದನ್ನೂ ಒಟ್ಟಿಗೇ ಅಂಚೆಗೆ ಹಾಕುತ್ತಿದ್ದೇನೆ. ಜೀಪಿಗೆ ಕಾಯದೆ ಹದಿನಾಲ್ಕು ಕಿಲೋಮೀಟರ್ ಲಾರಿಯಲ್ಲಿ ಬಂದೆ. ಎಲ್ಲ ಬರೆದಿದ್ದೇನೆ, ನೆಪ ಹೇಳಿಲ್ಲ. ರಜೆ ಕೇಳಿದ್ದೇನೆ. ಭಾವ ಬಾ ಎಂದರೆ ಬರುತ್ತೇನೆ, ಬೇಡ ಎಂದರೆ ಅದನ್ನೂ ನೀನೇ ಬರೆ.

ತಮ್ಮ


ಅಕ್ಟೋಬರ್ 3

ತಮ್ಮಾ,

ನಿನ್ನ ಪತ್ರ ಇಪ್ಪತ್ತಾರಕ್ಕೆ ಬಂತು. ಕಿಟಕಿಯ ಹತ್ತಿರ ನಿಂತು ಎರಡು ಸಲ ಓದಿದರು. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, "ಗಾಡಿ ಎಲ್ಲಿದೆ?" ಎಂದು ಮಾತ್ರ ಕೇಳಿದರು. ನಾನು ಗುಟ್ಟಾಗಿ ಗಾಡಿ ರಿಪೇರಿ ಮಾಡಿದ ವಿದ್ಯೆಯನ್ನೂ ನೀನು ಬರೆದುಬಿಟ್ಟಿದ್ದೀಯ.

ಮರುದಿನ ಗ್ರಂಥಾಲಯಕ್ಕೆ ಬಂದರು. ಶೆಡ್ಡಿನಲ್ಲಿ ನನ್ನ ಸ್ಟೂಲಿನ ಮೇಲೆ ಕೂತು, ಕೈ ಚಾಚಿ ಸ್ಕ್ರೂಡ್ರೈವರ್ ಕೇಳಿದರು. ಹಿಂದಿನ ಮುಚ್ಚಳ ನೋಡಿ, "ಗ್ಯಾಸ್ಕೆಟ್ ಯಾರು ಕೊರೆದದ್ದು?" ಎಂದರು. ನಾನು ಎಂದೆ. "ಚೆನ್ನಾಗಿದೆ" ಎಂದರು. ಆಮೇಲೆ ರಿಮೋಟ್ ಆರಿಸಿ, ಹಾಕಿ, ಆರಿಸಿ, ಹಾಕಿ, ಕಾರ್ಬುರೇಟರ್ ಬಾಯಿ ತೆರೆಯುವುದನ್ನೇ ನೋಡುತ್ತಾ ಕೂತರು. ಕೊನೆಗೆ ಕಾರ್ಬುರೇಟರ್‌ನ ಸ್ಪ್ರಿಂಗನ್ನು ಬೆರಳಿನಿಂದ ಎಳೆದು ಬಿಟ್ಟರು. ಅದು ಟಪ್ಪನೆ ಸ್ವಸ್ಥಾನಕ್ಕೆ ಹೋಯಿತು. "ಬಿಗಿಯಾಗೇ ಇದೆ" ಎಂದರು. ಅದು ಯಾವಾಗಲೂ ಬಿಗಿಯಾಗಿಯೇ ಇತ್ತು. ಮೂರು ವರ್ಷದಲ್ಲಿ ಯಾರೂ ಮುಟ್ಟಿ ನೋಡಿರಲಿಲ್ಲ ಅಷ್ಟೆ.

ನಿನ್ನನ್ನು ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ನನ್ನ ಕಡೆ ತಿರುಗಿ ಕೇಳಿದರು, "ನೀನೂ ನಾನೇ ಮಾಡಿದ್ದು ಅಂದ್ಕೊಂಡಿದ್ಯಾ?"

ತಮ್ಮಾ, ನನಗೆ ಬಾಯಿ ಬರಲಿಲ್ಲ. ಒಂದು 'ಇಲ್ಲ' ಎನ್ನಲು ಎಷ್ಟು ಹೊತ್ತು ಬೇಕು? ಹೇಳಿದ್ದರೆ ಸುಳ್ಳಾಗುತ್ತಿತ್ತು. ಅವರು ತಲೆಯಾಡಿಸಿ, ಸಾಮಾನುಗಳನ್ನು ಜೋಡಿಸತೊಡಗಿದರು.

ನಾನು ನಿನ್ನ ಮೇಲೆ ಹಾರಾಡಿದೆ. ಈಗ ನನ್ನದನ್ನು ಕೇಳು. ಕಾಲು ನೋವಾದಾಗಲೆಲ್ಲ ಅವರು ಬಿಸಿನೀರಿನ ಚೀಲ ತಂದು ಇಡುತ್ತಿದ್ದರು. ನಾನು ಪ್ರತಿ ಸಲ "ಪರವಾಗಿಲ್ಲ ಬಿಡಿ" ಎನ್ನುತ್ತಿದ್ದೆ. ಒಳ್ಳೆಯ ಹೆಂಡತಿ, ಕ್ಷಮಿಸಿದ್ದೇನೆ ಎಂದು ನನ್ನಷ್ಟಕ್ಕೆ ನಾನೇ ಬೀಗುತ್ತಿದ್ದೆ. "ನಿಮ್ಮಿಂದ ಆಗಿದ್ದಲ್ಲ" ಎಂದು ಒಂದು ಸಲವೂ ಹೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆ ಒಂದು ಮಾತು. ನೀನು ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದು ಓಡಿಹೋದೆ. ನಾನು ಮೂರು ವರ್ಷ ಎದುರಿಗೇ ಕೂತು ಅವರು ಮಾಡದ ತಪ್ಪನ್ನು ಕ್ಷಮಿಸುತ್ತಾ ಇದ್ದೆ. ಯಾವುದು ದೊಡ್ಡದೋ ನನಗೆ ತಿಳಿಯುತ್ತಿಲ್ಲ.

ಮೂವತ್ತರಂದು ಮಾಲೀಕರ ಹತ್ತಿರ ಹೋಗಿ ಬಂದರು. ಕೀಲಿ ಕೊಟ್ಟಿಲ್ಲ. ಮೊನ್ನೆಯಿಂದ ಅಂಗಡಿಯಲ್ಲಿದ್ದಾರೆ, ಧೂಳು ಹೊಡೆಯುತ್ತಿದ್ದಾರೆ. ನಿನ್ನೆ ಯಾರೋ ಒಂದು ನೀರಿನ ಪಂಪು ತಂದು ಇಳಿಸಿದರಂತೆ. ಟ್ರಕ್ಕನ್ನೂ ಅಲ್ಲಿಗೇ ಒಯ್ದಿದ್ದಾರೆ, ಓಡಿಸಿಲ್ಲ. ಮನೆಯಲ್ಲಿ ಬೇಕಾದಷ್ಟೇ ಮಾತು. ಬಿಸಿನೀರಿನ ಚೀಲ ತಪ್ಪದೆ ಬರುತ್ತದೆ, ನನಗೆ ಅವರ ಮುಖ ನೋಡಲಾಗುತ್ತಿಲ್ಲ.

ನಿನ್ನ ರಜೆಯ ವಿಷಯ ಕೇಳಿದೆ. "ಬರ್ಲಿ" ಎಂದರು. ಆಮೇಲೆ, "ಬಂದ ತಕ್ಷಣ ನಾನು ಮಾತಾಡ್ತೀನಿ ಅಂತ ಕಾಯ್ಬೇಡಿ, ಇಬ್ರೂ" ಎಂದರು. ಇಬ್ಬರೂ ಎಂದದ್ದು ನನಗೆ ಸರಿಯಾಗಿ ಕೇಳಿಸಿತು.

ಬಾ. ಬಸ್ಸಿಳಿದು ಮನೆಗೆ ಬರಬೇಡ, ನೇರ ಅಂಗಡಿಗೆ ಹೋಗು. ಯಾವ ದಿನ ಎಂದು ಮೊದಲೇ ಬರೆ, ನಾನೂ ಅರ್ಧ ದಿನ ರಜೆ ಹಾಕಿ ಅಲ್ಲಿಗೇ ಬರುತ್ತೇನೆ. ನನ್ನದೂ ಅವರ ಎದುರಿಗೆ ಹೇಳುವುದಿದೆ, ಒಬ್ಬಳಿಗೇ ಧೈರ್ಯ ಸಾಲುತ್ತಿಲ್ಲ.

ಅಕ್ಕ